ಮೂರು ಕಚ್ಚಿನ ಹಿತ್ತಾಳೆ

ವಜೀರುನ್ನೀಸಾ ಮನೆಗೆ ಬೀಗ ಹಾಕಿದರೆ ಮೂರು ಸಲ ಎಳೆದು ನೋಡುತ್ತಿದ್ದಳು. ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಇನ್ನೊಮ್ಮೆ ಎಳೆಯುವುದೂ ಉಂಟು. ಶಿಡ್ಲಘಟ್ಟದ ಆ ಬೀದಿಯಲ್ಲಿ ಬೆಳಗ್ಗೆ ಆರಕ್ಕೆಲ್ಲ ರೇಷ್ಮೆ ಗೂಡು ಬೇಯಿಸುವ ಹಂಡೆಗಳಿಂದ ಉಗಿ ಏಳುತ್ತದೆ. ಅಷ್ಟರಲ್ಲಿ ಅವಳು ನೂಲು ಬಿಚ್ಚುವ ಕಾರ್ಖಾನೆಯಲ್ಲಿ ತನ್ನ ಜಾಗದಲ್ಲಿ ಕೂತಿರಬೇಕು.

"ಕಿತ್ಕೊಂಡು ಕೈಗೆ ಬರೋವರ್ಗೂ ಎಳೀರಿ ವಜೀರಕ್ಕ, ಪಾಪ, ಅದಕ್ಕಾದ್ರೂ ಬಿಡುಗಡೆ ಸಿಗ್ಲಿ" ಎಂದು ಎದುರುಮನೆಯ ಅನಸೂಯಮ್ಮ ಪಾತ್ರೆ ತೊಳೆಯುತ್ತಲೇ ಹಂಗಿಸುವರು. ವಜೀರುನ್ನೀಸಾ ನಕ್ಕು ಹೋಗುವಳು. ತಿರುವು ದಾಟಿದ ಮೇಲೆ, ಸ್ಟೌ ಆರಿಸಿದ್ದೆನೇ ಇಲ್ಲವೇ ಎಂಬ ಅನುಮಾನ ಶುರುವಾಗುತ್ತಿತ್ತು.

ಅವಳಿಗಾಗ ನಲವತ್ತೊಂದು. ಗಂಡ ಲಾಲ್ ಬಾಷಾ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಒಬ್ಬಳೇ ಮಗಳು ಗುಲ್ಷನ್ ಆ ವರ್ಷದ, ಅಂದರೆ ತೊಂಬತ್ತೊಂಬತ್ತನೆಯ ಇಸವಿಯ ಮೊದಲಲ್ಲಿ ಮದುವೆಯಾಗಿ ಗೌರಿಬಿದನೂರಿಗೆ ಹೋಗಿದ್ದಳು. ಆಗಸ್ಟ್ ಬರುವ ಹೊತ್ತಿಗೆ ಅವಳಿಗೆ ಐದು ತಿಂಗಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಅವಳ ಅತ್ತೆ ನೂರುನ್ನೀಸಾ ಹೇಳಿ ಕಳಿಸಿದ್ದರು. ಗುಲ್ಷನ್ ಬೀದಿಯ ಷರೀಫನ ಎಸ್‌ಟಿಡಿ ಬೂತಿಗೆ ಎರಡು ಸಲ ಫೋನು ಮಾಡಿದ್ದಳು. ವಜೀರುನ್ನೀಸಾ ಮಾತ್ರ ಹ್ಞೂಂ ಎಂದಿರಲಿಲ್ಲ.

"ಅಲ್ಲೇ ಇರು ಕಣಮ್ಮ. ದೊಡ್ಡಾಸ್ಪತ್ರೆ ಹತ್ರ ಇದೆ. ಇಲ್ಲಿ ನಾನೊಬ್ಳೇ, ಕಾರ್ಖಾನೆಗೆ ಬೇರೆ ಹೋಗ್ಬೇಕು" ಎಂದಿದ್ದಳು.

"ಬಾ ಅಂತ ಒಂದ್ಮಾತು ಬರಲ್ವಾ ಅಮ್ಮಿ ನಿನ್ನ ಬಾಯಲ್ಲಿ" ಎಂದು ಗುಲ್ಷನ್ ಫೋನು ಇಟ್ಟಿದ್ದಳು.

ಆಸ್ಪತ್ರೆ, ಕಾರ್ಖಾನೆ ಎಲ್ಲ ನೆಪ. ವಜೀರುನ್ನೀಸಾಗೆ ತನ್ನ ಕೈಗಳ ಮೇಲೆ ನಂಬಿಕೆ ಇರಲಿಲ್ಲ. ಎಳೆಗೂಸನ್ನು ಎರೆದು, ಕಾಲ ಮೇಲೆ ಹಾಕಿಕೊಂಡು, ತೊಟ್ಟಿಲ ಹಗ್ಗ ಕಟ್ಟುವ ಕೈ ಗಟ್ಟಿಯಾಗಿರಬೇಕು. ತನ್ನದು ಅಂಥ ಕೈಯಲ್ಲ ಎಂದು ಅವಳಿಗೆ ಹದಿನೆಂಟು ವರ್ಷದಿಂದ ಅನ್ನಿಸುತ್ತಿತ್ತು. ತನ್ನ ಅಜಾಗರೂಕತೆಯಿಂದ ಒಬ್ಬ ಮನುಷ್ಯನ ಕಣ್ಣು ಹೋಯಿತೆಂದು ಅವಳು ಒಳಗೇ ನಂಬಿದ್ದಳು. ಹಾಗೂ ಅಲ್ಲ, ಅದು ತನ್ನಿಂದಲೇ ಹೋಯಿತೋ ಇಲ್ಲವೋ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಹೆಚ್ಚು ಕಷ್ಟವಾಗಿತ್ತು.

ಅವಳು ಮುರುಗಮಲ್ಲದ ಹುಡುಗಿ. ಎಪ್ಪತ್ತೆಂಟರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ಮುಂದಿನ ಅಂಕಣವೇ ಲಾಲ್ ಬಾಷಾನ ಕೋವಿ ರಿಪೇರಿ ಅಂಗಡಿ. ಬೆಳೆ ಕಾಯುವ ಒಂಟಿ ನಳಿಗೆಯ ಕೋವಿಗಳು ಗೋಡೆಗೆ ಸಾಲಾಗಿ ಒರಗಿರುತ್ತಿದ್ದವು. ಒಂದರ ಗುಂಡು ಹಾರಿಸುವ ಕುದುರೆ ಮುರಿದಿರುತ್ತಿತ್ತು, ಇನ್ನೊಂದರ ಮರದ ಹಿಡಿ ಸೀಳಿರುತ್ತಿತ್ತು. ಅವುಗಳ ನಡುವೆ ವರ್ಷಕ್ಕೆ ಎರಡು ಮೂರು ಸಲ ಒಂದು ದೊಡ್ಡ ರೈಫಲ್ ಬರುತ್ತಿತ್ತು. ಅದು ಬಂದ ದಿನ ಲಾಲ್ ಬಾಷಾ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ.

ಆ ರೈಫಲ್ ವೆಂಕಟರವಣಪ್ಪನವರದು. ಮುರುಗಮಲ್ಲದ ದಾರಿಯಲ್ಲೇ ಅವರ ಊರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಅವರ ತಂದೆ ಒಬ್ಬ ಚಿನ್ನದ ಗಣಿಯ ದೊರೆಗೆ ಬೇಟೆಯ ದಾರಿ ತೋರಿಸುತ್ತಿದ್ದವರಂತೆ. ದೊರೆ ದೇಶ ಬಿಟ್ಟು ಹೋಗುವಾಗ ರೈಫಲನ್ನೂ ಒಂದು ಮರದ ಪೆಟ್ಟಿಗೆಯನ್ನೂ ಕೊಟ್ಟು ಹೋಗಿದ್ದ. ಬೇಟೆ ನಿಂತು ವರ್ಷಗಳಾಗಿದ್ದರೂ ರೈಫಲಿಗೆ ಕೆಲಸ ನಿಂತಿರಲಿಲ್ಲ. ರಾಗಿ ತೆನೆ ಕಟ್ಟುವ ಕಾಲಕ್ಕೆ ಆಂಧ್ರದ ಗಡಿಯ ಕಡೆಯಿಂದ ಆನೆಗಳು ಇಳಿದರೆ, ತಾಲ್ಲೂಕು ಕಚೇರಿಯಿಂದ ವೆಂಕಟರವಣಪ್ಪನವರಿಗೆ ಚೀಟಿ ಬರುತ್ತಿತ್ತು. ಪಟಾಕಿಗೆ ಬೆದರದ ಆನೆ ಆ ರೈಫಲಿನ ಸದ್ದಿಗೆ ತಿರುಗುತ್ತಿತ್ತು. ಅವರು ಆಕಾಶಕ್ಕೆ ಹಾರಿಸುವರು, ಮಂದೆ ಗುಡ್ಡ ಹತ್ತುವುದು.

ತೊಂದರೆ ಎಂದರೆ ಆ ಅಳತೆಯ ತೋಟಾಗಳು ಎಲ್ಲಿಯೂ ಸಿಗುತ್ತಿರಲಿಲ್ಲ. ಇದ್ದದ್ದು ದೊರೆಯ ಪೆಟ್ಟಿಗೆಯಲ್ಲಿ ಬಂದ ನಲವತ್ತು ಹಿತ್ತಾಳೆ ಕೇಸುಗಳು, ಅಂದರೆ ತೋಟಾದ ಹೊರಗಿನ ಕೊಳವೆಗಳು, ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ. ಹಾರಿಸಿದ ಮೇಲೆ ಖಾಲಿ ಕೇಸನ್ನು ಆರಿಸಿ ತಂದು, ಮತ್ತೆ ಮದ್ದು ಗುಂಡು ತುಂಬಬೇಕು. ಅದಕ್ಕೆ ಲಾಲ್ ಬಾಷಾನಿಗೆ ಪರವಾನಗಿ ಇತ್ತು. ತುಂಬುವುದು ಅವನ ಕೆಲಸ. ಕೇಸು ಇನ್ನೊಮ್ಮೆ ತಾಳುತ್ತದೋ ಇಲ್ಲವೋ ಎಂದು ನೋಡುವುದು ಮದುವೆಯಾದ ಎರಡನೇ ವರ್ಷದಿಂದ ವಜೀರುನ್ನೀಸಾಳ ಕೆಲಸವಾಯಿತು. ಅವನು ಕಲಿಸಿದ್ದು ಕಡಿಮೆ, ಅವಳ ಬೆರಳು ತಾನೇ ಕಲಿತದ್ದು ಹೆಚ್ಚು.

ಹಿತ್ತಾಳೆ ಪ್ರತಿ ಹೊಡೆತಕ್ಕೂ ಹಿಗ್ಗಿ ಗಡುಸಾಗುತ್ತದೆ. ಗಡುಸಾದದ್ದು ಒಂದು ದಿನ ಸೀಳುತ್ತದೆ. ಆದ್ದರಿಂದ ಅದಕ್ಕೆ ಹದ ಕೊಡಬೇಕು. ಮಧ್ಯಾಹ್ನ ಬಾಗಿಲು ಮುಚ್ಚಿ ಕೋಣೆಯನ್ನು ಕತ್ತಲು ಮಾಡಿಕೊಂಡು, ತಟ್ಟೆಯ ನೀರಿನಲ್ಲಿ ಕೇಸುಗಳನ್ನು ಸೊಂಟದ ಮಟ್ಟಕ್ಕೆ ನಿಲ್ಲಿಸಿ, ಬಾಯಿಗೆ ಮಾತ್ರ ಉರಿ ತಾಗಿಸುವಳು. ಈರುಳ್ಳಿ ಸಿಪ್ಪೆಯ ಬಣ್ಣ ಬಂದ ತಕ್ಷಣ ನೀರಿಗೆ ಉರುಳಿಸಬೇಕು. ಬೆಳಕಿದ್ದರೆ ಆ ಬಣ್ಣ ಕಾಣುವುದಿಲ್ಲ. ಆಮೇಲೆ ಪರೀಕ್ಷೆ. ಹಳೆಯ ಕೊಡೆಯ ಕಡ್ಡಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಇಟ್ಟುಕೊಂಡಿದ್ದಳು. ಅದನ್ನು ಕೇಸಿನೊಳಗೆ ಇಳಿಸಿ, ಬುಡದಿಂದ ಮೇಲಕ್ಕೆ ಗೋಡೆಗೆ ತಾಗಿಸಿಕೊಂಡು ಎಳೆದರೆ, ಎಲ್ಲಾದರೂ ತೆಳುವಾಗಿದ್ದ ಕಡೆ ಕಡ್ಡಿ ತಡವರಿಸುತ್ತದೆ. ತಡವರಿಸಿದ್ದು ಗುಜರಿಗೆ. ಪಾಸಾದದ್ದರ ಅಂಚಿನಲ್ಲಿ, ಎಷ್ಟು ಸಲ ಹಾರಿದೆಯೋ ಅಷ್ಟು ಕಚ್ಚು ಇರುವಂತೆ ಅರದಿಂದ ಒಂದು ಹೊಸ ಕಚ್ಚು ಹಾಕುವಳು. ಆರು ಕಚ್ಚಾದರೆ ಎಷ್ಟು ಚೆನ್ನಾಗಿ ಕಂಡರೂ ಅದು ಮತ್ತೆ ರೈಫಲಿಗೆ ಹೋಗುವಂತಿಲ್ಲ. ಪೆಟ್ಟಿಗೆಯಲ್ಲಿಟ್ಟು ಲೆಕ್ಕಕ್ಕೆ ಮಾತ್ರ ಸೇರಿಸುವುದು.

"ಹಿತ್ತಾಳೆ ಸೀಳಿದ್ರೆ ಬಿಸಾಕಿ ಇನ್ನೊಂದು ತಗೋಬಹುದು. ನಳಿಗೆ ಸವೆದ್ರೆ?" ಎಂದು ಲಾಲ್ ಬಾಷಾ ರೈಫಲನ್ನು ಬೆಳಕಿಗೆ ಹಿಡಿದು ಅವಳಿಗೂ ತೋರಿಸುತ್ತಿದ್ದ. ಒಳಗಿನ ಸುರುಳಿ ಗೀರುಗಳು ಬಾಯಿಯ ಕಡೆ ಚೂಪಾಗಿದ್ದವು. ತೋಟಾ ಕೂರುವ ಕಡೆ ಎರಡು ಬೆರಳಿನಷ್ಟು ಉದ್ದಕ್ಕೆ ಮಾಸಿದ್ದವು.

"ನಮ್ಮ ರಾಗಿ ಕಲ್ಲು ಹಿಂಗೇ ಆಗಿತ್ತಲ್ಲ. ಉಳಿಯಲ್ಲಿ ಹೊಯ್ಸಿದ್ರೆ ಸರಿಹೋಯ್ತು" ಎಂದಿದ್ದಳು ಅವಳು.

"ಇದನ್ನ ಹೊಯ್ಯೋಕೆ ಯಾವ ಕಲ್ಲುಕುಟಿಗ ಬರ್ತಾನೆ ಹೇಳು. ಇನ್ನು ಗುಂಡು ನೆಟ್ಟಗೆ ಹೋಗಲ್ಲ. ಆಕಾಶಕ್ಕೆ ಹೊಡೆಯೋರಿಗೆ ಅಷ್ಟು ಸಾಕು" ಎಂದು ಅವನು ನಕ್ಕಿದ್ದ.

ಅವನಲ್ಲಿ ಒಂದು ವಿಚಿತ್ರವಿತ್ತು. ಅಂಗಡಿಯ ಪಡುವಣ ಗೋಡೆಯ ಗೂಡಿನಲ್ಲಿ ಏನು ಬೇಕಾದರೂ ಇಡಲಿ, ಹಿತ್ತಾಳೆ ಇಡಗೊಡುತ್ತಿರಲಿಲ್ಲ. ಆ ಗೋಡೆಯ ಆಚೆ ಜಟಕಾ ಸಾಹೇಬರೊಬ್ಬರು ಕುದುರೆ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಅದರ ಗಂಜಳದ ವಾಸನೆ ಮೂಗಿನ ಮೂಳೆಗೆ ನಾಟುತ್ತಿತ್ತು. "ಕುದುರೆ ಲಾಯದ ಗಾಳಿ ಹಿತ್ತಾಳೆಗೆ ಆಗಲ್ಲ, ನಮ್ಮ ಉಸ್ತಾದ್ ಹೇಳಿದ್ದು" ಎನ್ನುವನು. ಆ ಉಸ್ತಾದ್ ಬೆಂಗಳೂರಿನ ದಂಡಿನಲ್ಲಿ ಕುದುರೆ ಪಲ್ಟನ್ನಿನ ಬಂದೂಕು ನೋಡಿಕೊಂಡಿದ್ದವನು. ಅದೂ ಒಂದು ಶಾಸ್ತ್ರವಿರಬೇಕು ಎಂದು ವಜೀರುನ್ನೀಸಾ ಸುಮ್ಮನಿದ್ದಳು.

ಎಂಬತ್ತೊಂದರ ಜೂನಿನಲ್ಲಿ ಹದಿನೆಂಟು ಕೇಸುಗಳಿಗೆ ಹದ ಕೊಡುವುದಿತ್ತು. ಗುಲ್ಷನ್‌ಗೆ ಏಳು ತಿಂಗಳು, ಹಲ್ಲು ಬರುವ ಕಾಟ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಗು ಚೀರುತ್ತಿತ್ತು. ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ತೂಗುತ್ತ, ಒಂದು ಕೈಯಲ್ಲಿ ಕೇಸು, ಇನ್ನೊಂದರಲ್ಲಿ ಕಡ್ಡಿ. ನಡುವೆ ಎರಡು ಸಲ ಎದ್ದು ಹಾಲು ಕೊಟ್ಟಳು. ಕೊನೆಗೆ ಮಗು ಮಲಗಿತು, ಹದಿನೆಂಟೂ ಬಟ್ಟೆಯ ಮೇಲೆ ಸಾಲಾಗಿದ್ದವು, ಕಚ್ಚು ಬಿದ್ದಿದ್ದವು. ಅಷ್ಟು ಅವಳಿಗೆ ನೆನಪಿತ್ತು. ಕೊನೆಯ ಮೂರು ನಾಲ್ಕರೊಳಗೆ ಕಡ್ಡಿ ಇಳಿಸಿದೆನೇ ಎಂಬುದು ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರುತ್ತಿರಲಿಲ್ಲ.

ಲಾಲ್ ಬಾಷಾ ಹತ್ತಕ್ಕೆ ಮದ್ದು ತುಂಬಿದ. ಉಳಿದ ಎಂಟು ಖಾಲಿ. ಅವುಗಳ ಜೊತೆಗೆ ಒಮ್ಮೆಯೂ ಹಾರಿಸದ, ದೊರೆಯ ಕಾಲದಿಂದ ಹಾಗೇ ಉಳಿದಿದ್ದ ನಾಲ್ಕು ಹೊಸ ಕೇಸುಗಳನ್ನೂ ಸೇರಿಸಿ, ಎಲ್ಲವನ್ನೂ ಒಂದೇ ಬಟ್ಟೆ ಚೀಲದಲ್ಲಿ ಕಟ್ಟಿಕೊಟ್ಟ. ಆರು ಕಚ್ಚಾಗಿ ಮುದುಕರಾದ ಹದಿನೆಂಟು ಕೇಸುಗಳು ಆಗಲೇ ವೆಂಕಟರವಣಪ್ಪನವರ ಮನೆಯಲ್ಲಿ, ಮರದ ಪೆಟ್ಟಿಗೆಯಲ್ಲಿದ್ದವು.

ಅಕ್ಟೋಬರಿನಲ್ಲಿ ಆನೆಗಳು ಬಂದವು. ಮೂರನೆಯ ತೋಟಾ ರೈಫಲಿನೊಳಗೇ ಸೀಳಿ, ಬೆಂಕಿಯ ಗಾಳಿ ಹಿಂದಕ್ಕೆ ನುಗ್ಗಿ ವೆಂಕಟರವಣಪ್ಪನವರ ಬಲಗಣ್ಣು ಹೋಯಿತು.

ಸ್ಟೇಷನ್ನಿನಿಂದ ಬಂದವರು ಸೀಳಿದ ಕೇಸನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಮದ್ದು ತುಂಬಿದ್ದ ಹತ್ತರಲ್ಲಿ ಉಳಿದವನ್ನೂ ಅವರೇ ವಶಕ್ಕೆ ತೆಗೆದುಕೊಂಡಿದ್ದರು. ಅಂಚಿನಲ್ಲಿ ಮೂರು ಕಚ್ಚು. ಇನ್ನೂ ಮೂರು ಸಲ ತಾಳಬೇಕಾಗಿದ್ದ ಹಿತ್ತಾಳೆ. "ಇದನ್ನ ನೋಡಿ ಪಾಸ್ ಮಾಡಿದ್ದು ಯಾರು?" ಎಂದು ಕೇಳಿದರು. ಬಾಗಿಲ ಹಿಂದೆ ವಜೀರುನ್ನೀಸಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

"ನಾನೇ" ಎಂದ ಲಾಲ್ ಬಾಷಾ.

ಪರವಾನಗಿ ಹೋಯಿತು. ಅಂಗಡಿ ಮುಚ್ಚಿತು. ಅವನು ಹತ್ತಿರದ ಕಾರ್ಖಾನೆಗಳಲ್ಲಿ ಚರಕದ ಹಲ್ಲುಗಾಲಿ ಸರಿಮಾಡುತ್ತ ಒಂಬತ್ತು ವರ್ಷ ಬದುಕಿದ. ಅಷ್ಟು ವರ್ಷದಲ್ಲಿ ಒಂದು ದಿನವೂ, ಕಡ್ಡಿ ಹಾಕಿ ನೋಡಿದ್ಯಾ ವಜೀರಾ, ಎಂದು ಅವಳನ್ನು ಕೇಳಲಿಲ್ಲ. ಕೇಳಿದ್ದರೆ ನೆನಪಿಲ್ಲ ಎಂದು ಹೇಳಿ ಅಳಬಹುದಿತ್ತು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡರು, ಮಗಳ ಶಾಲೆಯ ಮಾತಾಡಿದರು. ಅವನ ಮಯ್ಯತ್ತು ಹೆಗಲೇರಿ ಹೊರಟಾಗ ಆ ಪ್ರಶ್ನೆಯೂ ಅವನ ಜೊತೆ ಹೋಯಿತು, ಉತ್ತರ ಇವಳ ಬಳಿ ಉಳಿಯಿತು, ಅದೂ ಅರ್ಧ. ತವರಿಗೆ ಹೋಗುವ ಬಸ್ಸು ವೆಂಕಟರವಣಪ್ಪನವರ ಊರಿನ ಮುಂದೆ ನಿಂತರೆ ಅವಳು ಕಿಟಕಿಯ ಕಡೆ ತಿರುಗುತ್ತಿರಲಿಲ್ಲ.

ಆಗಸ್ಟಿನ ಎರಡನೇ ವಾರ ಲಕ್ಷ್ಮಿದೇವಮ್ಮ ಬಂದರು. ಅವರು ವೆಂಕಟರವಣಪ್ಪನವರ ಹೆಂಡತಿ. ಗೂಡಿನ ಮಾರ್ಕೆಟ್ಟಿಗೆ ಬಂದವರು ಮನೆ ಕೇಳಿಕೊಂಡು ಬಂದಿದ್ದರು. ಹದಿನೆಂಟು ವರ್ಷದಲ್ಲಿ ಇಬ್ಬರೂ ಮುಖ ನೋಡಿರಲಿಲ್ಲ.

"ಎಲೆಕ್ಷನ್ ಬಂತಲ್ಲ ವಜೀರಮ್ಮ, ಕೋವಿ ತಂದು ಸ್ಟೇಷನ್ನಿಗೆ ಇಡಿ ಅಂತಾರೆ. ನಮ್ಮೋರು ಈ ಸಲ ಇಟ್ಟು ಬರೋದಲ್ಲ, ಕೊಟ್ಟೇ ಬರ್ತೀನಿ ಅಂತಾವ್ರೆ. ಖಾಲಿ ಕೇಸುಗಳ ಲೆಕ್ಕಾನೂ ಬೇಕಂತೆ, ಎಷ್ಟು, ಎಂಥವು ಅಂತ. ಬಾಷಾ ಸಾಬ್ರು ಇಲ್ವಲ್ಲ, ಅವರ ಮನೆಯೋರ್ನ ಕರ್ಕೊಂಡು ಬಾ, ಆಯಮ್ಮಂಗೆ ಗೊತ್ತಾಗುತ್ತೆ ಅಂದ್ರು."

"ಆಯಮ್ಮಂಗೆ ಗೊತ್ತಾಗುತ್ತೆ ಅಂದ್ರಾ?" ಎಂದಳು ವಜೀರುನ್ನೀಸಾ.

"ಹ್ಞೂಂನಮ್ಮ. ಕೇಸು ನೋಡ್ತಿದ್ದಿದ್ದು ನೀವು ಅಂತ ಅವರಿಗೆ ಆವಾಗ್ಲೇ ಗೊತ್ತು."

ಅಂದರೆ ಗೊತ್ತಿದ್ದೂ ಅವರು ಸ್ಟೇಷನ್ನಿನಲ್ಲಿ ಅವಳ ಹೆಸರು ಹೇಳಿರಲಿಲ್ಲ. ಅವಳಿಗೆ ಹೋಗಲು ಭಯವಾಯಿತು. ಹೋಗದೆ ಇರಲು ಅದಕ್ಕಿಂತ ಹೆಚ್ಚು ಭಯವಾಯಿತು. ಶುಕ್ರವಾರ ರಜೆ ಕೇಳಿ, ಕೊಡೆಯ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಬೀಗ ಮೂರು ಸಲ ಎಳೆದು ಬಸ್ಸು ಹತ್ತಿದಳು.

ವೆಂಕಟರವಣಪ್ಪ ಜಗಲಿಯ ಮೇಲೆ ಕೂತಿದ್ದರು. ಬಲಗಣ್ಣಿನ ಜಾಗ ಒಳಕ್ಕೆ ಹೋಗಿತ್ತು. "ಬಾಮ್ಮಾ, ಬಾ. ಹಿಂಗ್ ನನ್ನ ನೋಡ್ಬೇಡ. ರೈಫಲ್ ಹಿಡಿಯೋನು ಒಂದು ಕಣ್ಣು ಮುಚ್ಲೇಬೇಕು. ಆ ಭಗವಂತ ಮುಚ್ಚೋ ಕಣ್ಣು ಬಿಟ್ಟು ತೆರೆಯೋ ಕಣ್ಣು ತಗೊಂಡ, ಅಷ್ಟೇ ವ್ಯತ್ಯಾಸ" ಎಂದರು. ಅವಳು ಜಗಲಿಯ ಅಂಚಿನಲ್ಲಿ ಕೂತಳು.

"ನಿಮ್ಮ ಯಜಮಾನ್ರು ನಳಿಗೆ ಸವೆದಿದೆ ಅಂತ ಬಡ್ಕೊಂಡ್ರು. ನಾನು ಕೇಳ್ಲಿಲ್ಲ. ತಪ್ಪು ನಂದೇ, ಅವರಿಗೆ ಹೇಳಿ ಕಳಿಸ್ಬೇಕು ಅಂತಿದ್ದೆ, ಅಷ್ಟರಲ್ಲಿ ಅವರೇ ಹೋಗ್ಬಿಟ್ರು."

ನಳಿಗೆ ಸವೆದರೆ ಗುಂಡು ದಾರಿ ತಪ್ಪುತ್ತದೆ, ಕೇಸು ಸೀಳುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಅವಳು ತಲೆ ತಗ್ಗಿಸಿದಳು.

ಲಕ್ಷ್ಮಿದೇವಮ್ಮ ಅಟ್ಟದಿಂದ ಮರದ ಪೆಟ್ಟಿಗೆಯನ್ನೂ ಬಟ್ಟೆ ಚೀಲವನ್ನೂ ಇಳಿಸಿದರು. ವಜೀರುನ್ನೀಸಾ ನಡುಮನೆಯಲ್ಲಿ ಚಾಪೆಯ ಮೇಲೆ ಮೊದಲು ಪೆಟ್ಟಿಗೆ ತೆರೆದಳು. ಹದಿನೆಂಟು ಕೇಸುಗಳು, ಆರಾರು ಕಚ್ಚು. ಒಂದೊಂದನ್ನೂ ಉಗುರಿನಿಂದ ತಟ್ಟಿದಳು. ಮುದುಕರಾದರೂ ಎಲ್ಲವೂ ಠಣ್ ಎಂದವು. ಕಡ್ಡಿ ಕೆಲವದರಲ್ಲಿ ತಡವರಿಸಿತು, ಆದರೆ ಒಂದೂ ಸೀಳಿರಲಿಲ್ಲ.

ಚೀಲ ಬಿಚ್ಚಿದಳು. ತಟ್ಟಿದ ಮೊದಲನೆಯದೇ ಮಣ್ಣಿನ ಕುಡಿಕೆಯಂತೆ ಮಂಕಾಗಿ ಸದ್ದು ಮಾಡಿತು. ಬೆಳಕಿಗೆ ಹಿಡಿದಳು. ಬಾಯಿಯಿಂದ ಸೊಂಟದವರೆಗೆ ಕೂದಲಿನಂಥ ಸೀಳು. ಎರಡನೆಯದೂ ಹಾಗೇ. ಎಂಟರಲ್ಲಿ ಐದು. ತಾನು ಹದ ಕೊಟ್ಟವುಗಳೇ ಇವು. ಹಾಗಾದರೆ ತನ್ನದೇ ತಪ್ಪು, ಇದೋ ಲೆಕ್ಕ ಎದುರಿಗೇ ಇದೆ, ಎಂದುಕೊಂಡು ಚೀಲದ ಬುಡ ತಡವಿದಳು. ನಾಲ್ಕು ಹೊಸ ಕೇಸುಗಳು ಕೈಗೆ ಬಂದವು.

ಅವುಗಳ ಅಂಚು ನುಣ್ಣಗಿತ್ತು. ಒಂದು ಕಚ್ಚೂ ಇಲ್ಲ. ಉರಿ ಕಂಡಿರಲಿಲ್ಲ, ಮದ್ದು ಕಂಡಿರಲಿಲ್ಲ, ಅವಳ ಕಡ್ಡಿಯೂ ಒಳಗೆ ಇಳಿದಿರಲಿಲ್ಲ. ನಾಲ್ಕೂ ಸೀಳಿದ್ದವು.

ಅವಳು ನಾಲ್ಕನ್ನೂ ಚಾಪೆಯ ಮೇಲೆ ಸಾಲಾಗಿಟ್ಟಳು. ಆಮೇಲೆ, "ಲಕ್ಷ್ಮಿದೇವಮ್ಮ, ಈ ಚೀಲ ಮೊದ್ಲಿಂದ ಅಟ್ಟದಲ್ಲೇ ಇತ್ತಾ?" ಎಂದು ಕೇಳಿದಳು.

"ಇಲ್ಲಮ್ಮ. ಆ ಗಲಾಟೆ ಆದ್ಮೇಲೆ ಅಟ್ಟಕ್ಕೆ ಎಸೆದಿದ್ದು. ಆ ವರ್ಷ ನಮ್ಮ ದೊಡ್ಡವನು ಆಗ ತಾನೆ ತೆವಳ್ತಿದ್ದ. ಸಿಕ್ಕಿದ್ದೆಲ್ಲ ಬಾಯಿಗೆ. ಇವರು ಚೀಲಾನ ಇಲ್ಲೇ ಗೂಟಕ್ಕೆ ಹಾಕಿದ್ರು, ಮದ್ದು ಬೇರೆ ತುಂಬಿದೆ, ನಂಗೆ ಜೀವ ತಡೀಲಿಲ್ಲ. ನಾನೇ ತಗೊಂಡು ಹೋಗಿ ಹುಳು ಮನೇಲಿ ತೊಲೆಗೆ ನೇತು ಹಾಕ್ದೆ. ಅಲ್ಲಿಗೆ ಹೊರಗಿನೋರು ಕಾಲಿಡಲ್ವಲ್ಲ, ಅದಕ್ಕಿಂತ ಭದ್ರ ಯಾವ್ದಿದೆ."

"ಎಷ್ಟು ದಿನ ಇತ್ತು?"

"ಮಳೆಗಾಲ ಪೂರ್ತಿ. ಆನೆ ಬಂದಾಗ ಇವರು ಅಲ್ಲಿಂದಲೇ ತಗೊಂಡು ಹೋದ್ರು."

ಹುಳು ಮನೆಯನ್ನು ಒಂದು ಸಲ ನೋಡಬಹುದೇ ಎಂದು ವಜೀರುನ್ನೀಸಾ ಕೇಳಿದಳು. ಹೊರಗಿನವರನ್ನು ಬಿಡುವುದಿಲ್ಲ, ಆದರೆ ಆಗ ತಾನೆ ಗೂಡು ಮಾರಿ ಬೆಳೆ ಮುಗಿದಿತ್ತು. ಕಾಲು ತೊಳೆದುಕೊಂಡು ಬನ್ನಿ ಎಂದರು ಲಕ್ಷ್ಮಿದೇವಮ್ಮ. ಖಾಲಿ ತಟ್ಟೆಗಳು ಅಟ್ಟಣೆಯಲ್ಲಿದ್ದವು. ಮೂಲೆಯಲ್ಲಿ ಹುಳುಗಳ ಹಿಕ್ಕೆ, ತಿಂದುಳಿದ ಸೊಪ್ಪಿನ ಕಡ್ಡಿ ರಾಶಿಯಾಗಿ ಬಿದ್ದು, ಹಸಿಯಲ್ಲಿ ಬೆಂದು ಬಿಸಿಯಾಡುತ್ತಿತ್ತು. ಒಂದು ಹೆಜ್ಜೆ ಇಟ್ಟದ್ದೇ ವಾಸನೆ ಮೂಗಿನ ಮೂಳೆಗೆ ನಾಟಿ ಕಣ್ಣಲ್ಲಿ ನೀರು ತುಂಬಿತು.

ಆ ವಾಸನೆಯನ್ನು ಅವಳು ಬಲ್ಲಳು. ಪಡುವಣ ಗೋಡೆ, ಮಳೆಗಾಲ, ಜಟಕಾ ಕುದುರೆ. ಲಾಯದ ಗಾಳಿ ಹಿತ್ತಾಳೆಗೆ ಆಗಲ್ಲ.

ಆ ದಿನ ಕೊನೆಯ ಮೂರು ನಾಲ್ಕಕ್ಕೆ ಕಡ್ಡಿ ಇಳಿಸಿದ್ದಳೋ ಇಲ್ಲವೋ, ಅದು ಇನ್ನೂ ನೆನಪಿಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಇಳಿಸಿದ್ದರೂ ಏನೂ ಸಿಗುತ್ತಿರಲಿಲ್ಲ. ಹಿತ್ತಾಳೆ ಅವಳ ಕೈಯಿಂದ ಗಟ್ಟಿಯಾಗಿಯೇ ಹೋಗಿತ್ತು; ಸೀಳಿದ್ದು ಇಲ್ಲಿ, ಈ ಗಾಳಿಗೆ, ಈ ತೊಲೆಯ ಕೆಳಗೆ. ಹಾರದ ನಾಲ್ಕು ಕೇಸುಗಳು ಅದನ್ನು ಹೇಳಲೆಂದೇ ಹದಿನೆಂಟು ವರ್ಷ ಕಾದಂತಿದ್ದವು. ಯಾರಿಗಾದರೂ ಹೇಳಬೇಕೆನಿಸಿತು. ಅಜೀ, ಕೇಳಿದ್ರಾ, ಎಂದು ಗಂಡನನ್ನು ಕರೆಯುವ ಮಾತು ಬಾಯಿಯವರೆಗೆ ಬಂತು. ಕೇಳಬೇಕಾದವನು ಇರಲಿಲ್ಲ.

"ಯಾಕಮ್ಮ, ಏನಾಗಿದೆ ಅದಕ್ಕೆ?" ಎಂದು ಲಕ್ಷ್ಮಿದೇವಮ್ಮ ಬಾಗಿಲಲ್ಲಿ ನಿಂತು ಕೇಳಿದರು. ಅವರ ಕೈಯಲ್ಲಿ ಪುಟ್ಟ ಔಷಧಿ ಸೀಸೆಯಿತ್ತು. ದಿನಕ್ಕೆ ಎರಡು ಸಲ ಗಂಡನ ಆ ಖಾಲಿ ಗುಳಿಗೆ ಹನಿ ಹಾಕಬೇಕಂತೆ; ಹಾಕದಿದ್ದರೆ ಕೀವು ಕಟ್ಟುತ್ತದಂತೆ.

ಮಗು ಬಾಯಿಗೆ ಹಾಕಿಕೊಂಡೀತೆಂದು ಹೆದರಿದ ಒಬ್ಬ ತಾಯಿ. ಅದೇ ವರ್ಷ, ಅದೇ ಮಳೆಗಾಲ, ಇತ್ತ ಕಾಲ ಹೆಬ್ಬೆರಳಿನಲ್ಲಿ ತೊಟ್ಟಿಲು ತೂಗುತ್ತಿದ್ದ ಇನ್ನೊಬ್ಬಳು. ನಿಜ ಹೇಳಿದರೆ ತನ್ನ ಮೈಮೇಲಿದ್ದದ್ದು ಎದ್ದು ಹೋಗಿ ಆ ಬಾಗಿಲಲ್ಲಿ ನಿಂತವಳ ಮೇಲೆ ಕೂರುತ್ತದೆ. ಅದರ ಭಾರ ಎಷ್ಟೆಂದು ವಜೀರುನ್ನೀಸಾಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಹಳೇದಾಗಿವೆ ಲಕ್ಷ್ಮಿದೇವಮ್ಮ. ಇಟ್ಟು ಇಟ್ಟು ಹಿಂಗಾಗಿವೆ" ಎಂದಳು.

"ಅಷ್ಟೇನಾ. ನಿಮ್ಮ ಮುಖ ನೋಡಿ ನಾನೇನೋ ಅನ್ಕೊಂಡೆ."

"ವಾಸನೆ. ಕಣ್ಣುರಿ. ಆ ರಾಶಿ ದಿನಾ ಎತ್ತಿ ಗುಂಡಿಗೆ ಹಾಕ್ಸಿ, ಹುಳುಗೂ ಒಳ್ಳೇದಲ್ಲ."

"ಹೇಳಿದ್ರೆ ಮಾಡೋರ್ಯಾರು" ಎಂದು ಲಕ್ಷ್ಮಿದೇವಮ್ಮ ಗಂಡನ ಕಡೆ ಹೋದರು.

ಚಾಪೆಯ ಮೇಲೆ ಕೂತು ಅವಳು ಲೆಕ್ಕ ಬರೆದುಕೊಟ್ಟಳು. ಒಟ್ಟು ಮೂವತ್ತು. ಒಂದೂ ಕೆಲಸಕ್ಕೆ ಬಾರದು, ಸೀಳದೆ ಉಳಿದ ಮೂರನ್ನೂ ಇನ್ನು ನಂಬುವಂತಿಲ್ಲ. ವೆಂಕಟರವಣಪ್ಪ ಕಾಗದವನ್ನು ಎಡಗಣ್ಣಿನ ಹತ್ತಿರ ಹಿಡಿದು ಓದಿ, "ಬಾಷಾ ಸಾಬ್ರ ಅಕ್ಷರದ ಹಂಗೇ ಇದೆ" ಎಂದು ಮಡಿಸಿ ಜೇಬಿಗಿಟ್ಟುಕೊಂಡರು. ಅವಳಿಗೆ ಬರೆಯಲು ಕಲಿಸಿದ್ದು ಅವನೇ.

ಶಿಡ್ಲಘಟ್ಟದಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಮನೆಗೆ ಬಂದು ಹಿತ್ತಲ ಬಾಗಿಲು ತೆರೆದು, ಮಂಚದ ಕೆಳಗಿನಿಂದ ತೊಟ್ಟಿಲನ್ನು ಎಳೆದಳು. ಧೂಳು ಒರೆಸಿದಳು. ಜಂತೆಯ ಕೊಕ್ಕೆ ಗಟ್ಟಿಯಾಗಿತ್ತು, ಜೋತುಬಿದ್ದು ನೋಡಿದರೂ ಅಲುಗಲಿಲ್ಲ. ತೊಟ್ಟಿಲಿನ ಒಂದು ಬಳೆ ಮಾತ್ರ ಸಡಿಲ. ಚೀಲದಿಂದ ಕೊಡೆಯ ಕಡ್ಡಿ ತೆಗೆದು, ಕೊಕ್ಕೆಯನ್ನು ನೇರ ಮಾಡಿ, ಆ ಬಳೆಗೆ ಎರಡು ಸುತ್ತು ಸುತ್ತಿ, ತುದಿಯನ್ನು ಯಾರಿಗೂ ಚುಚ್ಚದಂತೆ ಒಳಕ್ಕೆ ಮಡಿಸಿದಳು. ಆಮೇಲೆ ಬಾಗಿಲೆಳೆದುಕೊಂಡು ಷರೀಫನ ಎಸ್‌ಟಿಡಿ ಬೂತಿಗೆ ನಡೆದಳು.

ಗೌರಿಬಿದನೂರಿನಲ್ಲಿ ಫೋನು ಇದ್ದದ್ದು ಗುಲ್ಷನ್‌ಳ ಪಕ್ಕದ ಮನೆಯಲ್ಲಿ. ಕರೆಯುತ್ತೇವೆ, ಐದು ನಿಮಿಷ ಬಿಟ್ಟು ಮಾಡಿ ಎಂದರು. ಅವಳು ಬೂತಿನ ಸ್ಟೂಲಿನ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಅಮ್ಮಿ? ಏನಾಯ್ತು, ಈ ಹೊತ್ತಲ್ಲಿ?" ಗುಲ್ಷನ್‌ಳ ಏದುಸಿರು ಕೇಳಿಸಿತು.

"ಓಡಿ ಬರ್ಬೇಡ ಅಂತ ಎಷ್ಟು ಸಲ ಹೇಳೋದು. ಏನಿಲ್ಲ. ಏಳನೇ ತಿಂಗಳು ಬೀಳ್ತಿದ್ದಂಗೆ ಬಂದ್ಬಿಡು. ನಾನೇ ಬಂದು ಕರ್ಕೊಂಡು ಬರ್ತೀನಿ ಅಂತ ನಿಮ್ಮತ್ತೆಗೆ ಹೇಳು."

"ಇದ್ದಕ್ಕಿದ್ದಂಗೆ ಯಾಕಮ್ಮಿ?"

ಹೇಳಲು ಬಹಳ ಇತ್ತು. ಹೇಳಿದರೆ ಅಬ್ಬಾನ ಅಂಗಡಿಯಿಂದ ಶುರುಮಾಡಬೇಕು, ಮುಗಿಸುವುದು ಲಕ್ಷ್ಮಿದೇವಮ್ಮನ ಬಾಗಿಲಲ್ಲಿ. ಗಾಜಿನ ಆಚೆ ಷರೀಫ ಮೀಟರು ನೋಡುತ್ತ ಕೂತಿದ್ದ.

"ಯಾಕೂ ಇಲ್ಲ. ತೊಟ್ಟಿಲು ತೆಗೆದೆ. ಜಂತೆ ಕೊಕ್ಕೆ ಗಟ್ಟಿಯಾಗಿದೆ, ಎಳೆದು ನೋಡ್ದೆ."

"ನೀನು ನೋಡಿರ್ತೀಯ ಬಿಡು" ಎಂದು ಗುಲ್ಷನ್ ನಕ್ಕಳು. "ಎಷ್ಟು ಸಲ ನೋಡ್ದೆ?"

"ಒಂದ್ಸಲ" ಎಂದಳು ವಜೀರುನ್ನೀಸಾ.